ಎರಡನೆಯ ಗುಂಡು

ಪಿಸ್ತೂಲಿನ ಬಗ್ಗೆ ಜನ ಕೇಳುವ ಪ್ರಶ್ನೆಗಳನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಎಷ್ಟು ದೂರ ಹೊಡೆಯುತ್ತದೆ, ಎಷ್ಟು ಗುಂಡು ಹಿಡಿಯುತ್ತದೆ, ಬೇರೆ ಬಣ್ಣದಲ್ಲಿ ಸಿಗುತ್ತದಾ! ಏನು, ಸೀರೆ ಅಂಗಡಿಗೆ ಬಂದಿದ್ದೀರಾ? ಕೇಳಬೇಕಾದ್ದು ಒಂದೇ ಒಂದು. ಮೊದಲ ಗುಂಡು ಹೋದ ಮೇಲೆ ಎರಡನೆಯದು ಹೋಗುತ್ತದೋ ಇಲ್ಲವೋ? ಮೊದಲನೆಯದನ್ನು ನಾವು ಕೈಯಿಂದ ಪಿಸ್ತೂಲಿನ ಮೇಲುಭಾಗದ ಸ್ಲೈಡು ಎಳೆದು ನಳಿಗೆಗೆ ಕಳಿಸುತ್ತೇವೆ. ಎರಡನೆಯದನ್ನು ಪಿಸ್ತೂಲು ತಾನೇ ಎಳೆದುಕೊಳ್ಳಬೇಕು. ಅಲ್ಲಿ ಕೈಕೊಟ್ಟಿತೋ, ಅದನ್ನು ಮೇಜಿನ ಮೇಲಿಟ್ಟು ಕಾಗದ ಹಾರದಂತೆ ನೋಡಿಕೊಳ್ಳಬಹುದು, ಅಷ್ಟೇ.

ನಾನು ಪೂಣಚ್ಚ, ಕೊಡಗಿನವನು. ಸೈನ್ಯದಲ್ಲಿ ಆರ್ಮರರ್ ಆಗಿದ್ದೆ. ಅಂದರೆ ಬೇರೆಯವರು ಹಾಳುಮಾಡಿ ತಂದ ಬಂದೂಕುಗಳನ್ನು ಬಯ್ಯುತ್ತ ರಿಪೇರಿ ಮಾಡುವ ಕೆಲಸ. ಪೆನ್ಷನ್ ಬಂದ ಮೇಲೆ ಮನೆಯಲ್ಲಿ ಕೂತೆ. ಮಿಕ್ಸಿಯಿಂದ ಹಿಡಿದು ಮಗಳ ಸ್ಕೂಟರಿನವರೆಗೆ ಎಲ್ಲವನ್ನೂ ಬಿಚ್ಚಿಟ್ಟೆ. ಹೆಂಡತಿ ಕೈಮುಗಿದು, ಎಲ್ಲಿಗಾದರೂ ಹೋಗಿ ಅಂದಳು. ಹಾಗೆ ಬಂದು ಬಿದ್ದದ್ದು ಸೌದಿಯ ಹಾಯಿಲ್‌ಗೆ. ಊರ ಹೊರಗೆ ಅಜಾ ಬೆಟ್ಟದ ಕಡೆ ಒಂದು ಶೂಟಿಂಗ್ ಕ್ಲಬ್ಬಿದೆ. ಅಲ್ಲಿ ಗುಂಡು ಹೊಡೆಯುವ ರೇಂಜಿನ ಸುರಕ್ಷತೆ ನೋಡಿಕೊಳ್ಳುವವನು ನಾನೇ, ಬಂದೂಕು ತೊಳೆಯುವವನೂ ನಾನೇ. ಕೆಂಪು ಬಾವುಟ ಏರಿಸಿದ ಮೇಲೆ ನನ್ನ ಅಪ್ಪಣೆ ಇಲ್ಲದೆ ಒಂದು ನಾಯಿಯೂ ರೇಂಜಿಗೆ ಕಾಲಿಡುವಂತಿಲ್ಲ. ಒಮ್ಮೆ ಹಸನಬ್ಬ ಚಹಾದ ಫ್ಲಾಸ್ಕು ಹಿಡಿದುಕೊಂಡು ಬಾವುಟ ಇದ್ದಾಗಲೇ ನುಗ್ಗಿದ್ದ. ನಾನು ಬಯ್ದದ್ದನ್ನು ನೆನೆದು ಒಂದು ವಾರ ಅವನು ಚಹಾವನ್ನೇ ತರಲಿಲ್ಲ.

ಹಸನಬ್ಬ ಕ್ಲಬ್ಬಿನ ಸ್ಟೋರ್ ಕೀಪರ್. ವಿಟ್ಲದ ಕಡೆಯ ಬ್ಯಾರಿ. ಈ ಮರಳುಗಾಡಿನಲ್ಲಿ ನನ್ನ ಜೊತೆ ಕನ್ನಡ ಮಾತಾಡುವ ಏಕೈಕ ಪ್ರಾಣಿ. ಇಡೀ ದಿನ ಮಾತಾಡುತ್ತಾನೆ, ಅದೇ ತೊಂದರೆ.

ಆ ದಿನ ಡೀಲರ್ ಕಳಿಸಿದ ಪೆಟ್ಟಿಗೆ ಬಂದಿತ್ತು. ಕ್ಲಬ್ಬಿನ ಹಳೆಯ ಪಿಸ್ತೂಲುಗಳು ಸವೆದು ಸವೆದು, ಯಾವ ಹೊತ್ತಿನಲ್ಲಿ ಜಾಮ್ ಆಗುತ್ತವೆ ಎಂದು ಹೇಳುವಂತಿರಲಿಲ್ಲ. ಹೊಸದಾಗಿ ಕಲಿಯುವವರಿಗೆ ಹೊಸವು ಬೇಕು, ಮೂರು ನಮೂನೆ ತರಿಸಿದ್ದೇನೆ, ಒಂದನ್ನು ನೀನು ಆರಿಸಿ ಹೇಳು ಅಂದಿದ್ದರು ಮ್ಯಾನೇಜರ್ ಮಿಶಾಲ್. ಎಲ್ಲರೂ ಅವರನ್ನು ಮಗನ ಹೆಸರು ಸೇರಿಸಿ ಅಬು ನಾಯಿಫ್ ಅನ್ನುತ್ತಾರೆ. ನನ್ನನ್ನು ಅವರು ಬೂನಾಶ ಅನ್ನುತ್ತಾರೆ. ಬಂದ ಹೊಸತರಲ್ಲಿ ತಿದ್ದಿದೆ. ಆಮೇಲೆ ಬೂನಾಶನೇ ಆದೆ.

ಪೆಟ್ಟಿಗೆ ಬಿಚ್ಚುತ್ತಿದ್ದಾಗ ಫೋನು ಬಂತು. ಅಕ್ಕನ ಮಗ ಕಾವೇರಪ್ಪ. ನಮ್ಮ ಕೊಡವ ಮಾತಿನಲ್ಲಿ ಆಡಿದ್ದನ್ನು ಕನ್ನಡದಲ್ಲೇ ಹೇಳುತ್ತೇನೆ.

“ಮಾವ, ಅವ್ವ ಹೋದ್ರು.”

“ಯಾವಾಗ?”

“ಬೆಳಿಗ್ಗೆ. ಕಾಫಿ ಕುಡೀತಾ ಇದ್ರು. ಲೋಟ ಕೈಯಲ್ಲೇ ಇತ್ತು.”

ನಾನು ಮುಂದೆ ಕೇಳಬೇಕಿದ್ದ ಮಾತು ಯಾವುದೋ ಗೊತ್ತಿಲ್ಲ. ಕೇಳಿದ್ದು ಮಾತ್ರ ಇದು. “ತೋಕ್ ಹಾರಿಸಿದ್ಯಾ?” ತೋಕ್ ಅಂದರೆ ನಮ್ಮಲ್ಲಿ ಕೋವಿ.

ಅವನ ಹಿಂದೆ ಹೆಂಗಸರು ಅಳುವುದು ಕೇಳುತ್ತಿತ್ತು.

“ಒಂದು ಹೋಯ್ತು ಮಾವ.”

“ಒಂದಾ?”

“ಎರಡನೇದು ಠುಸ್ ಅಂತು. ತೋಟಾ ಮಳೆಗಾಲದಲ್ಲಿ ತೇವ ಹಿಡಿದಿತ್ತು ಅಂತ ಕಾಣ್ತದೆ. ಇದ್ದದ್ದೇ ಎರಡು.”

ಇದನ್ನು ಗೊತ್ತಿಲ್ಲದವರಿಗೆ ಬಿಡಿಸಿ ಹೇಳಬೇಕು. ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಒಂದು ಗುಂಡು ಹಾರಿಸುತ್ತಾರೆ. ಸಾವಾದರೆ ಎರಡು, ಒಂದರ ಬೆನ್ನಿಗೆ ಒಂದು. ಗುಡ್ಡದಾಚೆಯ ಮನೆಗಳಿಗೆ ಸುದ್ದಿ ಹೋಗುವುದೇ ಹಾಗೆ. ಎರಡು ಗುಂಡು ಕೇಳಿದವರು ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಹೊರಡುತ್ತಾರೆ. ಬಂದವರು ಗೇಟಿನ ಹತ್ತಿರ ನಿಂತು ಮೊದಲು ಕೇಳುವ ಮಾತು, ‘ಯಾರು?’ ಮನೆಯವರು ಹೆಸರು ಹೇಳಬೇಕು. ಹೆಸರು ಬಾಯಿಂದ ಬಂದ ಮೇಲೆಯೇ ಅಳು. ಈಗ ವಾಟ್ಸಾಪ್ ಇದೆ ಅನ್ನುತ್ತೀರಿ. ಇರಲಿ. ವಾಟ್ಸಾಪಿನಲ್ಲಿ ಗುಡ್ ಮಾರ್ನಿಂಗೂ ಬರುತ್ತದೆ.

“ಕೆಳಗಿನ ಮನೆಯ ಅಜ್ಜಿ ಬಂದ್ರು ಮಾವ,” ಅಂದ ಕಾವೇರಪ್ಪ. ಅವನ ದನಿ ಒಡೆಯಿತು. “ಜೇನಿನ ಬಾಟ್ಲಿ ಹಿಡ್ಕೊಂಡು ಬಂದ್ರು. ಒಂದೇ ಗುಂಡು ಕೇಳ್ತಲ್ಲ, ಯಾರು ಹೆತ್ತದ್ದು ಅಂತ ನಗ್ತಾ ಮೆಟ್ಟಿಲು ಹತ್ತಿದ್ರು. ಒಳಗೆ ಅವ್ವನ್ನ ಮಲಗಿಸಿದ್ವಿ.”

ಆಮೇಲೆ ಪಕ್ಕದ ಮನೆಯವರು ತಮ್ಮ ಕೋವಿ ತಂದು, ಬೇಕಾದರೆ ಎರಡು ಹಾರಿಸೋಣ ಅಂದರಂತೆ. ಹಿರಿಯರು ಬೇಡ ಅಂದರಂತೆ. ಒಂದು ಆಗಲೇ ಹೋಗಿದೆ, ಇನ್ನೆರಡು ಹೊಡೆದರೆ ಮೂರಾಗುತ್ತದೆ, ಮೂರಕ್ಕೆ ಏನು ಅರ್ಥ ಅಂದರಂತೆ. ಹಾಗೆ ನನ್ನ ಅಕ್ಕ ಚೋಂದವ್ವ, ಒಂದು ಗುಂಡಿನಲ್ಲಿ, ಹುಟ್ಟಿದ ಮಗುವಿನ ಲೆಕ್ಕದಲ್ಲಿ ಹೋದಳು.

“ಬಿಡಿ ಮಾವ, ಏನು ಮಾಡ್ಲಿಕ್ಕಾಗ್ತದೆ,” ಅಂದ ಕಾವೇರಪ್ಪ.

ನಾನು ಬಿಟ್ಟೆ, ಅಂದರೆ ಫೋನು ಇಟ್ಟೆ. ಪೆಟ್ಟಿಗೆಯಿಂದ ಎರಡನೆಯ ಪಿಸ್ತೂಲನ್ನು ಹೊರಗೆ ತೆಗೆದು, ಪ್ಲಾಸ್ಟಿಕ್ ಕವರು ಹರಿದು, ಒರೆಸಿ ಮೇಜಿನ ಮೇಲಿಟ್ಟೆ. ಮೂರನೆಯದನ್ನೂ ತೆಗೆದೆ. ಅಳು ಬರಲಿಲ್ಲ. ಬರುತ್ತದೆಂದು ಸ್ವಲ್ಪ ಹೊತ್ತು ಕಾದೆ, ಬರಲಿಲ್ಲ. ಒಳಗೆ ಯಾರೋ ಮೇನ್ ಸ್ವಿಚ್ ಆರಿಸಿದ ಹಾಗಿತ್ತು.

ಹೋಗುವ ಮಾತೇ ಇರಲಿಲ್ಲ. ನಮ್ಮಲ್ಲಿ ಅದೇ ದಿನ ಮಣ್ಣು ಮಾಡುತ್ತಾರೆ. ನಾನು ಹಾಯಿಲ್‌ನಿಂದ ರಿಯಾದ್, ರಿಯಾದ್‌ನಿಂದ ಬೆಂಗಳೂರು ಅಂತ ಹಾರಿ ಇಳಿಯುವಾಗ ಅಕ್ಕನ ಮೇಲೆ ಮಣ್ಣು ಬಿದ್ದು ಎಷ್ಟೋ ಹೊತ್ತಾಗಿರುತ್ತದೆ. ತವರಿನ ಬಟ್ಟೆಯನ್ನು ನನ್ನ ಬದಲು ಹೆಂಡತಿಯೇ ತೆಗೆದುಕೊಂಡು ಹೋಗಿ ಹೊದಿಸಿದಳು. ಸಂಜೆ ಫೋನು ಮಾಡಿ, “ನೀವು ಅತ್ರಾ?” ಅಂತ ಕೇಳಿದಳು. “ಕೆಲಸ ಉಂಟು,” ಅಂದೆ. ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು.

ಇನ್ನೊಂದು ಸಂಗತಿ ಹೇಳದಿದ್ದರೆ ಇದೆಲ್ಲ ಯಾಕೆ ಇಷ್ಟು ದೊಡ್ಡದಾಯಿತೆಂದು ತಿಳಿಯುವುದಿಲ್ಲ. ನಾನು ಹುಟ್ಟಿದಾಗ ಅಪ್ಪ ಗಡಿಯಲ್ಲಿದ್ದರು. ಮನೆಯಲ್ಲಿ ಗಂಡಸರು ಯಾರೂ ಇರಲಿಲ್ಲ. ಸೂಲಗಿತ್ತಿ ಹೊರಗೆ ಬಂದು ಗಂಡು ಅಂದಾಗ ಹೆಂಗಸರು ಮುಖ ಮುಖ ನೋಡಿಕೊಂಡರಂತೆ. ಗುಂಡು ಹಾರಿಸುವವರು ಯಾರು? ಅಕ್ಕ, ಇನ್ನೂ ಹೈಸ್ಕೂಲು ಮೆಟ್ಟಿಲು ಹತ್ತದ ಹುಡುಗಿ, ಗೋಡೆಯ ಮೇಲಿನ ಜೋಡುನಳಿಗೆಯ ಕೋವಿಯನ್ನು ಕುರ್ಚಿ ಹತ್ತಿ ಇಳಿಸಿಕೊಂಡು, ಅಂಗಳಕ್ಕೆ ಹೋಗಿ ಒಂದು ಹೊಡೆದಳಂತೆ. ಕೋವಿ ಒದ್ದ ಏಟಿಗೆ ಹಿಂದಕ್ಕೆ ಬಿದ್ದು ಬಟ್ಟೆ ಒಗೆಯುವ ಕಲ್ಲಿಗೆ ಭುಜ ಬಡಿಸಿಕೊಂಡಳು. ಆಮೇಲೆ ಜೀವಮಾನವಿಡೀ ನನಗೂ ಅವಳಿಗೂ ಜಗಳವಾದಾಗಲೆಲ್ಲ ಅವಳು ಭುಜ ಮುಟ್ಟಿಕೊಂಡು, “ನೀನು ಬಂದದ್ದನ್ನು ಊರಿಗೆ ಹೇಳಿದ ತಪ್ಪಿಗೆ ಇದು ಇವತ್ತಿಗೂ ನೋಯ್ತದೆ ಕಣೋ,” ಅನ್ನುವಳು. ನಾನು, “ಹೇಳದಿದ್ರೆ ನಾನು ವಾಪಸ್ ಹೋಗ್ತಾ ಇದ್ನಾ?” ಅನ್ನುವೆ. ಅಲ್ಲಿಗೆ ಜಗಳ ಮುಗಿಯುತ್ತಿತ್ತು.

ನಾನು ಬಂದದ್ದನ್ನು ಅವಳು ಹೇಳಿದಳು. ಅವಳು ಹೋದದ್ದನ್ನು ನಾನು ಹೇಳಬೇಕು. ಎರಡು ಗುಂಡು, ಒಂದರ ಬೆನ್ನಿಗೆ ಒಂದು, ಈ ಕೈಯಿಂದಲೇ. ಹನ್ನೊಂದನೆಯ ದಿನದ ಕರ್ಮಕ್ಕೆ ನಮ್ಮಲ್ಲಿ ಮಾದ ಅನ್ನುತ್ತಾರೆ. ಅದಕ್ಕೆ ಮೊದಲು ಆಗಬೇಕು. ಹಾಗಂತ ಅವತ್ತೇ ತೀರ್ಮಾನ ಮಾಡಿದೆ. ಆದರೆ ಯಾವುದರಿಂದ? ಕ್ಲಬ್ಬಿನ ಹಳೆಯ ಡಬ್ಬಾಗಳನ್ನು ನಾನು ನಂಬುವುದಿಲ್ಲ. ಮತ್ತೆ ಒಂದು ಹೋಗಿ ಇನ್ನೊಂದು ನಿಂತರೆ, ಅಕ್ಕನಿಗೆ ಎರಡನೆಯ ಸಲ ಅದೇ ಅವಮಾನ. ಅದನ್ನು ನೋಡಿಕೊಂಡು ಬದುಕುವ ಶಕ್ತಿ ನನ್ನಲ್ಲಿರಲಿಲ್ಲ.

ಮೇಜಿನ ಮೇಲೆ ಮೂರು ಪಿಸ್ತೂಲು ಮಲಗಿದ್ದವು. ಒಂದು ಬೂದಿ ಬಣ್ಣದ್ದು, ಒಂದು ಮರಳಿನ ಬಣ್ಣದ್ದು, ಒಂದು ಕರಿಯದು. ಕಂಪನಿ ಹೆಸರು ಬೇಡ, ಆಗದವರು ಜಗಳಕ್ಕೆ ಬರುತ್ತಾರೆ. ಮೂರರದ್ದೂ ನಳಿಗೆ ಮತ್ತು ಮೇಲಿನ ಸ್ಲೈಡು ಉಕ್ಕು, ಕೈಯಲ್ಲಿ ಹಿಡಿಯುವ ಕೆಳಗಿನ ಮೈ ಪಾಲಿಮರ್, ಅಂದರೆ ಗಟ್ಟಿ ಪ್ಲಾಸ್ಟಿಕ್. ಮೊದಮೊದಲು ಇಂಥದ್ದನ್ನು ನೋಡಿ ನಾನೂ ಆಟದ ಸಾಮಾನು ಅಂತ ನಕ್ಕವನೇ. ಹಾಯಿಲ್‌ನ ಬಿಸಿಲು ಬುದ್ಧಿ ಕಲಿಸಿತು. ಇಲ್ಲಿ ಬಿಸಿಲಲ್ಲಿಟ್ಟ ಉಕ್ಕಿನ ಪಿಸ್ತೂಲನ್ನು ಮುಟ್ಟಿದರೆ ಅಂಗೈ ಸುಡುತ್ತದೆ. ಪಾಲಿಮರ್ ಅಷ್ಟು ಕಾಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಬೆವರಿಗೆ ಹೆದರುವುದಿಲ್ಲ. ಹಿಡಿದರೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ. ಆ ದಿನಗಳಲ್ಲಿ ನಾನೂ ಹಾಗೇ ಇದ್ದೆ.

ಬೂದಿ ಬಣ್ಣದ್ದರಿಂದ ಪರೀಕ್ಷೆ ಶುರುಮಾಡಿದೆ. ಶುಚಿಯಾಗಿದ್ದಾಗ ಒಳ್ಳೆಯ ಹುಡುಗನ ಹಾಗೆ ನಡೆಯಿತು. ಮರುದಿನ ಗಾಳಿ ಎದ್ದಿತು. ಬೇಕೆಂದೇ ಅದನ್ನು ತೆರೆದ ಮೇಜಿನ ಮೇಲೆ ಬಿಟ್ಟೆ. ನಮ್ಮ ರೇಂಜಿನ ದೂಳು ಗೋಧಿಹಿಟ್ಟಿಗಿಂತ ನುಣ್ಣಗಿರುತ್ತದೆ, ಎಲ್ಲಿ ಬೇಕಾದರೂ ನುಗ್ಗುತ್ತದೆ. ಅದೇ ದೂಳಿನಲ್ಲಿ ಹೊಡೆದಾಗ ಸ್ಲೈಡು ಮುಂದೆ ಬರುವಾಗ ಅರ್ಧದಲ್ಲಿ ನಿಂತುಬಿಟ್ಟಿತು. ಬೆರಳಿನಿಂದ ತಳ್ಳಿದರೆ ಹೋಯಿತು. ಮತ್ತೆ ನಿಂತಿತು. ಮುದ್ದು ಮಾಡಿ ಸಾಕಬೇಕಾದ ಜಾತಿ. ಬದಿಗಿಟ್ಟೆ.

ಮಧ್ಯಾಹ್ನ ಹಸನಬ್ಬ ಕಬ್ಸಾ ಅನ್ನದ ತಟ್ಟೆ ತಂದಿಟ್ಟ. ಮೇಲೆ ದೊಡ್ಡ ದೊಡ್ಡ ಮಟನ್ ತುಂಡುಗಳು. ನಾನು ತಟ್ಟೆಯನ್ನು ಅವನ ಕಡೆಗೇ ದೂಡಿ, ಖುಬ್ಬೂಸ್ ರೊಟ್ಟಿಯನ್ನು ಮೊಸರಿಗೆ ಅದ್ದಿಕೊಂಡು ತಿಂದೆ. ಮಾದ ಮುಗಿಯುವವರೆಗೆ ಮಾಂಸ ಮುಟ್ಟುವುದಿಲ್ಲವೆಂದು ಮನಸ್ಸಿನಲ್ಲೇ ಹೇಳಿಕೊಂಡಿದ್ದೆ. ಗಡ್ಡಕ್ಕೂ ಕತ್ತಿ ತಾಗಿಸಿರಲಿಲ್ಲ.

“ಎಂತ ಮಾರಾಯ್ರೇ, ಕೊಡಗಿನವರು ಮಟನ್ ಬೇಡ ಹೇಳುದಾ? ಕಿಯಾಮತ್ ಹತ್ತಿರ ಬಂತಾ ಹೇಗೆ?”

“ಹೊಟ್ಟೆ ಸರಿ ಇಲ್ಲ.”

“ಹೊಟ್ಟೆ ಸರಿ ಇಲ್ಲದವರು ಗಡ್ಡ ಯಾಕೆ ಬಿಡುದು?”

“ಹಸನಬ್ಬ, ನಿನ್ನ ತಟ್ಟೆ ನೋಡಿಕೊಂಡು ತಿನ್ನು.”

ಅವನು ತಿಂದ. ಆದರೆ ತಿನ್ನುತ್ತ ತಿನ್ನುತ್ತ ನನ್ನ ಮುಖವನ್ನೇ ನೋಡುತ್ತಿದ್ದ. ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಎಲ್ಲರೂ ಬಂದು ಹೆಗಲು ತಟ್ಟಿ ಎರಡು ಒಳ್ಳೆಯ ಮಾತಾಡುತ್ತಾರೆ. ನಾನು ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ಉತ್ತರ ಕೊಡಲು ನನ್ನೊಳಗೆ ಏನೂ ಇರಲಿಲ್ಲ.

ಮರಳಿನ ಬಣ್ಣದ್ದು ಅಬು ನಾಯಿಫ್‌ಗೆ ಬಹಳ ಹಿಡಿಸಿತ್ತು. ಅವರು ದಡ್ಡರಲ್ಲ. ಚಿಕ್ಕಂದಿನಿಂದ ಬಂದೂಕು ಹಿಡಿದವರು, ನನಗಿಂತ ಚೆನ್ನಾಗಿ ಗುರಿಯಿಡುತ್ತಾರೆ. ಅದರ ಹಿಡಿ ಕೈಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ, ಟ್ರಿಗರ್ ಬೆಣ್ಣೆ ಅಂದರು. ಸುಳ್ಳಲ್ಲ. ದೂಳಿನಲ್ಲೂ ಅದು ಜಗ್ಗಲಿಲ್ಲ. ನನ್ನ ಕೈಯಲ್ಲಿ, ಅವರ ಕೈಯಲ್ಲಿ ಒಂದು ಸಲವೂ ನಿಲ್ಲಲಿಲ್ಲ. ನನಗೂ ಇದೇ ಆಗಬಹುದು ಅನ್ನಿಸಿತು. ಸಂಜೆಗೆ ಎರಡು ತೋಟಾ ತೆಗೆದಿಟ್ಟುಕೊಳ್ಳಬೇಕು ಅಂದುಕೊಂಡೆ.

“ನಾವಿಬ್ಬರೂ ಗೊತ್ತಿದ್ದವರು,” ಅಂದರು ಅಬು ನಾಯಿಫ್. “ಇದನ್ನು ಹಿಡಿಯುವವರು ಗೊತ್ತಿಲ್ಲದವರು. ಹಸನ್‌ನನ್ನು ಕರಿ.”

ಹಸನಬ್ಬ ಬಂದ. ಪಿಸ್ತೂಲನ್ನು ಅವನು ಸತ್ತ ಹೆಗ್ಗಣದ ಬಾಲ ಹಿಡಿದ ಹಾಗೆ ಹಿಡಿದ. ಮಣಿಕಟ್ಟು ಸಡಿಲ, ಮೊಣಕೈ ಮಡಚಿದ್ದು, ಕಣ್ಣು ಮುಚ್ಚಿದ್ದು. ನಾನು ಅವನ ಹಿಂದೆ ನಿಂತು ಭುಜ ಹಿಡಿದುಕೊಂಡೆ. ಹೊಡೆ ಅಂದೆ. ಹೊಡೆದ. ಮೊದಲನೆಯದು ಹೋಗಿ ಎದುರಿನ ಮಣ್ಣಿನ ದಿಬ್ಬದಲ್ಲಿ ದೂಳೆಬ್ಬಿಸಿತು. ಎರಡನೆಯ ಸಲ ಟ್ರಿಗರ್ ಎಳೆದ. ಏನೂ ಇಲ್ಲ. ಖಾಲಿ ತೋಟಾ ಹೊರಗೆ ಹಾರದೆ ಸ್ಲೈಡಿನ ಬಾಯಲ್ಲಿ ನೆಟ್ಟಗೆ ಕಚ್ಚಿಕೊಂಡಿತ್ತು.

ಇದಕ್ಕೆ ಕಾರಣವಿದೆ. ಸ್ಲೈಡು ಹಿಂದಕ್ಕೆ ಪೂರ್ತಿ ಹೋಗಬೇಕಾದರೆ ಕೆಳಗಿನ ಮೈ ಗಟ್ಟಿಯಾಗಿ ನಿಂತಿರಬೇಕು. ಪ್ಲಾಸ್ಟಿಕ್ ಮೈ ಹಗುರ, ಕೈ ಸಡಿಲವಾದರೆ ಇಡೀ ಪಿಸ್ತೂಲೇ ಸ್ಲೈಡಿನ ಜೊತೆ ಹಿಂದೆ ಹೋಗಿಬಿಡುತ್ತದೆ. ಗಟ್ಟಿ ಕೈಗೆ ಮಾತ್ರ ಒಲಿಯುವ ಪಿಸ್ತೂಲು ಹೊಸಬರಿಗೆ ಸಲ್ಲದು.

ಹಸನಬ್ಬ ಕಣ್ಣು ತೆರೆದ. ಪಿಸ್ತೂಲು ನೋಡಿದ. ನನ್ನ ಕಡೆ ತಿರುಗಿ ಬಾಯಿ ತುಂಬ ನಕ್ಕ.

“ಒಂದೇ ಹೋಯ್ತು ಪೂಣಚ್ಚಣ್ಣ! ಗಂಡುಮಗು, ಮುಬಾರಕ್!”

ತಪ್ಪು ಅವನದಲ್ಲ. ಬಹಳ ಹಿಂದೆ ಚಹಾ ಕುಡಿಯುವಾಗ ನಮ್ಮ ಒಂದು ಗುಂಡು ಎರಡು ಗುಂಡಿನ ಪದ್ಧತಿಯನ್ನು ನಾನೇ ಅವನಿಗೆ ಹೇಳಿದ್ದೆ. ಅಂದಿನಿಂದ ಯಾರ ಪಿಸ್ತೂಲು ಒಂದು ಹೊಡೆದು ನಿಂತರೂ ಅವನದು ಇದೇ ತಮಾಷೆ. ಎಷ್ಟೋ ಸಲ ನಾನೂ ನಕ್ಕಿದ್ದೇನೆ. ಅವತ್ತು ನನಗೆ ಅವನ ಕತ್ತು ಹಿಸುಕಬೇಕು ಅನ್ನಿಸಿತು. ಅವನ ನಗುವಿನಲ್ಲಿ ಜೇನಿನ ಬಾಟಲಿಯ ಅಜ್ಜಿ ಕಂಡರು. ಪಿಸ್ತೂಲನ್ನು ಅವನ ಕೈಯಿಂದ ಕಿತ್ತುಕೊಂಡು, ತೋಟಾ ತುಂಬಿದ ಮ್ಯಾಗಜೀನು ತೆಗೆದು, ಕಚ್ಚಿಕೊಂಡಿದ್ದ ತೋಟಾವನ್ನು ಕೆಡವಿ, ಮೇಜಿನ ಮೇಲೆ ಇಟ್ಟೆ. ಇಷ್ಟೂ ಕೆಲಸವನ್ನು ಕೈಗಳು ತಾವಾಗಿಯೇ ಮಾಡಿದವು. ಆಮೇಲೆ ನೀರು ಕುಡಿದು ಬರುತ್ತೇನೆಂದು ಹೇಳಿ ಶೆಡ್ಡಿನ ಹಿಂದೆ ಹೋಗಿ ನಿಂತೆ. ಈಗಲಾದರೂ ಬರಬಹುದು ಅಂದುಕೊಂಡೆ. ಕಣ್ಣು ಒಣಗಿಯೇ ಇತ್ತು. ಗೋಡೆಯ ಮೇಲೆ ಒಂದು ಓತಿಕೇತ ಕೂತಿತ್ತು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ನಾನು ವಾಪಸು ಬಂದೆ.

“ಎಂತ ಆಯ್ತು ನಿಮಗೆ? ನಾನು ಎಂತಾದ್ರೂ ತಪ್ಪು ಹೇಳಿದ್ನಾ?” ಅಂದ ಹಸನಬ್ಬ.

“ಇಲ್ಲ. ಮುಂದಿನದ್ದು ಹಿಡಿ.”

ಕರಿಯದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ನೋಡಲು ಚಂದವಿಲ್ಲ. ಹಿಡಿ ಸ್ವಲ್ಪ ದಪ್ಪ. ಟ್ರಿಗರ್ ಬಿಗಿ. ಹಸನಬ್ಬ ಹೆಗ್ಗಣದ ಬಾಲ ಹಿಡಿದ ಹಾಗೇ ಹಿಡಿದು ಹೊಡೆದ, ಒಂದರ ಹಿಂದೆ ಒಂದು ಹೋಗುತ್ತಲೇ ಇತ್ತು. ಕೊನೆಗೆ ಅವನಿಗೇ ಗಾಬರಿಯಾಗಿ, “ಇದು ನಿಲ್ಲುದೇ ಇಲ್ವಲ್ಲ ಮಾರಾಯ್ರೇ!” ಅಂದ. ದೂಳಿನಲ್ಲಿ ಹೊಡೆದೆ. ಎಣ್ಣೆ ಒರೆಸಿ ಒಣಗಿಸಿ ಹೊಡೆದೆ. ಕ್ಲಬ್ಬಿನಲ್ಲಿದ್ದ ಅಗ್ಗದ ತೋಟಾ, ತುಟ್ಟಿ ತೋಟಾ, ಎರಡನ್ನೂ ಬೆರೆಸಿ ತುಂಬಿ ಹೊಡೆದೆ. ಎಡಗೈಯಲ್ಲಿ ಹೊಡೆದೆ. ಬೇಕೆಂದೇ ಕೆಟ್ಟದಾಗಿ ಹಿಡಿದು ಹೊಡೆದೆ. ಅದು ಬಯ್ಯಿಸಿಕೊಳ್ಳುವ ಅವಕಾಶವನ್ನೇ ಕೊಡಲಿಲ್ಲ. ಅಂಥದ್ದೊಂದು ಪಿಸ್ತೂಲು ಕೈಗೆ ಸಿಕ್ಕರೆ ಆರ್ಮರರ್ ಆದವನಿಗೆ ಖುಷಿಯಾಗಬೇಕು. ನನಗೆ ಏನೂ ಆಗಲಿಲ್ಲ.

ಮಾದಕ್ಕೆ ಹಿಂದಿನ ದಿನ ಅಬು ನಾಯಿಫ್ ರೇಂಜಿಗೆ ಬಂದು ಮೇಜಿನ ಎದುರು ಕೂತರು. ಖಹ್ವಾ, ಅಂದರೆ ಅರಬ್ಬಿ ಕಾಫಿ, ಕುಡಿಯುತ್ತ ನನ್ನ ಗಡ್ಡ ನೋಡಿದರು.

“ಗಡ್ಡ ಬಿಡುತ್ತಿದ್ದೀಯಾ ಬೂನಾಶ? ಮಾಶಾಅಲ್ಲಾ, ಒಪ್ಪುತ್ತದೆ. ಈಗ ಹೇಳು, ಯಾವುದು?”

“ಕರಿಯದು.”

“ಚಂದವಿಲ್ಲ.”

“ಇಲ್ಲ.”

“ಮೆಂಬರುಗಳು ಮರಳಿನ ಬಣ್ಣದ್ದನ್ನೇ ಕೇಳುತ್ತಾರೆ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ.”

“ಫೋಟೋ ತೆಗೆಯಲು ಅದೊಂದನ್ನು ಇಟ್ಟುಕೊಳ್ಳಿ. ಹೊಡೆಯಲು ಇದು.”

ಅವರು ಜೋರಾಗಿ ನಕ್ಕರು. ಕರಿಯದನ್ನು ಎತ್ತಿ ಸ್ಲೈಡು ಎಳೆದು ನೋಡಿದರು. “ನಾನು ಹುಟ್ಟಿದಾಗ ಅಜ್ಜ ಡೇರೆಯ ಹೊರಗೆ ನಿಂತು ರೈಫಲ್ ಹಾರಿಸಿದ್ದರಂತೆ,” ಅಂದರು. “ನಮ್ಮಲ್ಲಿ ಆಗ ಮದುವೆಗೂ ಗುಂಡು, ಮಗು ಹುಟ್ಟಿದರೂ ಗುಂಡು. ಒಂದು ಮದುವೆಯಲ್ಲಿ ಮೇಲೆ ಹೋದದ್ದು ಕೆಳಗೆ ಬಂದು ನನ್ನ ಚಿಕ್ಕಪ್ಪನ ಕಾಲಿಗೆ ತಾಗಿತು. ಈಗ ಕಾನೂನು ಬಿಡುವುದಿಲ್ಲ, ಒಳ್ಳೆಯದೇ ಆಯಿತು. ನಿಮ್ಮಲ್ಲೂ ಹಾರಿಸುತ್ತಾರಾ?”

“ಹಾರಿಸುತ್ತಾರೆ,” ಅಂದೆ. ಅಲ್ಲಿಗೆ ನಿಲ್ಲಿಸಿದೆ.

ನಾನು ಮುಂದೆ ಹೇಳುವುದಿಲ್ಲವೆಂದು ಗೊತ್ತಾದ ಮೇಲೆ ಅವರು ಎದ್ದರು. “ಸರಿ. ಕರಿಯದನ್ನೇ ತರಿಸುತ್ತೇನೆ. ಚಂದವಿಲ್ಲ ಅಂತ ದೂರು ಬಂದರೆ ನಾನು ನೋಡಿಕೊಳ್ಳುತ್ತೇನೆ. ಜಾಮ್ ಆಯಿತು ಅಂತ ಬಂದರೆ ನೀನು ನೋಡಿಕೋ. ತೋಟಾ ಡಬ್ಬಿಯಲ್ಲಿ ಉಳಿದದ್ದನ್ನು ಹೊಡೆದು ಮುಗಿಸಿ, ಒರೆಸಿ, ಬೀಗ ಹಾಕು. ಯಲ್ಲಾ.”

ಅವರ ಕಾರು ಗೇಟು ದಾಟಿತು. ಹಸನಬ್ಬ ಸಂಜೆಯ ಅಸರ್ ನಮಾಜಿಗೆ ಹೋದವನು ಹಾಗೇ ಸ್ಟೋರಿನಲ್ಲಿ ಸಾಮಾನು ಜೋಡಿಸುತ್ತಿದ್ದ. ಮೆಂಬರುಗಳು ಬರುವ ದಿನವಲ್ಲ. ಬಿಸಿಲು ಇಳಿಯುತ್ತಿತ್ತು, ಅಜಾ ಬೆಟ್ಟದ ಬಂಡೆಗಳು ಕೆಂಪಾಗಿದ್ದವು. ನಾನು ಕೆಂಪು ಬಾವುಟವನ್ನು ಏರಿಸಿದೆ.

ಡಬ್ಬಿಯ ತಳದಲ್ಲಿ ಕೆಲವು ತೋಟಾ ಉಳಿದಿದ್ದವು. ಎರಡನ್ನು ಮಾತ್ರ ಆರಿಸಿದೆ. ಶರ್ಟಿನ ಅಂಚಿನಿಂದ ಒರೆಸಿದೆ, ಕಣ್ಣಿನ ಹತ್ತಿರ ಹಿಡಿದು ನೋಡಿದೆ, ಮ್ಯಾಗಜೀನಿಗೆ ತುಂಬಿದೆ. ಅದನ್ನು ಪಿಸ್ತೂಲಿಗೆ ಹಾಕಿ ಸ್ಲೈಡು ಎಳೆದೆ. ಮೊದಲನೆಯದು ನಳಿಗೆಗೆ ಹೋಯಿತು.

ಊರಿನಲ್ಲಾದರೆ ಆಕಾಶಕ್ಕೆ ಹಾರಿಸುತ್ತಾರೆ. ಇಲ್ಲಿ ಆಕಾಶಕ್ಕೆ ಹೊಡೆದವನನ್ನು ರೇಂಜಿನಿಂದ ಹೊರಗೆ ಹಾಕುವವನು ನಾನೇ. ದಿಬ್ಬದ ಕಡೆಗೇ ತಿರುಗಿ ನಿಂತೆ. ಸದ್ದು ಒಂದೇ ತಾನೆ, ಅಕ್ಕ ತಪ್ಪು ತಿಳಿಯುವುದಿಲ್ಲ. ಬೆರಳನ್ನು ಟ್ರಿಗರಿನ ಮೇಲಿಟ್ಟೆ. ಇಷ್ಟು ದಿನ ಹೊಡೆಯುವಾಗ ಹೆದರಿಕೆ ಅನ್ನುವುದೇ ಇರಲಿಲ್ಲ. ಆಗ ಮಾತ್ರ ಹೆದರಿದೆ. ಇಷ್ಟು ದಿನ ನಿಲ್ಲಲಿಲ್ಲ ನಿಜ, ಆದರೆ ಈ ಎರಡನೆಯದಕ್ಕೆ ನಿಂತರೆ? ಯಾವ ಪರೀಕ್ಷೆಯೂ ಮುಂದಿನ ಗುಂಡಿಗೆ ಜಾಮೀನು ನಿಲ್ಲುವುದಿಲ್ಲ. ಇದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು?

“ಚೋಂದಕ್ಕಾ,” ಅಂದೆ.

ಹೊಡೆದೆ. ಪಿಸ್ತೂಲು ಕೈಯಲ್ಲಿ ಒದ್ದು ಮತ್ತೆ ನೆಟ್ಟಗಾಯಿತು. ಮತ್ತೆ ಎಳೆದೆ.

ಎರಡನೆಯದೂ ಹೋಯಿತು.

ಸ್ಲೈಡು ಹಿಂದೆ ನಿಂತು, ಖಾಲಿ ಎಂದು ಬಾಯಿ ತೆರೆದು ತೋರಿಸಿತು. ದಿಬ್ಬದ ದೂಳು ಇಳಿಯಿತು. ಬೆಟ್ಟಕ್ಕೆ ಬಡಿದು ತಿರುಗಿ ಬಂದ ಸದ್ದೂ ನಿಂತಿತು. ಆಯಿತು, ಮುಗಿಯಿತು ಅಂದುಕೊಂಡೆ. ಈಗ ಏನೋ ಆಗುತ್ತದೆ, ಎದೆಯ ಮೇಲಿನದ್ದು ಇಳಿಯುತ್ತದೆ ಅಂತ ಕಾದರೆ, ಇಲ್ಲ. ಇಡೀ ಮರಳುಗಾಡಿನಲ್ಲಿ ಇದನ್ನು ಕೇಳಿಸಿಕೊಂಡವರು ಯಾರು? ಹತ್ತು ದಿನ ಹೊತ್ತುಕೊಂಡು ತಿರುಗಿದ್ದು ಇದಕ್ಕಾ? ನನ್ನ ಮೇಲೆ ನನಗೇ ಸಿಟ್ಟು ಬಂತು. ಮ್ಯಾಗಜೀನು ತೆಗೆದು ಮೇಜಿನ ಮೇಲಿಟ್ಟು, ಒರೆಸುವ ಬಟ್ಟೆ ಹುಡುಕಿದೆ.

ಆಗ ಹಿಂದೆ ಚಪ್ಪಲಿಯ ಸದ್ದಾಯಿತು. ಯಾರೋ ಓಡಿ ಬರುತ್ತಿದ್ದರು. ತಿರುಗಿ ನೋಡಿದರೆ ಹಸನಬ್ಬ. ಬಾವುಟ ಇನ್ನೂ ಮೇಲೆ ಹಾರುತ್ತಿತ್ತು. ಆದರೂ ಅವನು ನೇರವಾಗಿ ರೇಂಜಿನೊಳಕ್ಕೆ ಬಂದಿದ್ದ. ಒಂದು ಕೈಯಲ್ಲಿ ಸ್ಟೋರಿನ ಬೀಗ ಹಾಗೇ ಇತ್ತು. ಬಯ್ಯಲು ಬಾಯಿ ತೆರೆದೆ.

ಅವನು ನನ್ನಿಂದ ಸ್ವಲ್ಪ ದೂರದಲ್ಲೇ ನಿಂತುಬಿಟ್ಟ. ನನ್ನ ಗಡ್ಡ ನೋಡಿದ. ನನ್ನ ಕಾಲಬಳಿ ಬಿದ್ದಿದ್ದ ಎರಡು ಖಾಲಿ ತೋಟಾ ನೋಡಿದ. ತಲೆಯ ಮೇಲಿನ ಟೋಪಿಯನ್ನು ಸರಿಮಾಡಿಕೊಂಡು, ಮೆಲ್ಲಗೆ ಕೇಳಿದ.

“ಪೂಣಚ್ಚಣ್ಣ, ಯಾರು?”

ನನ್ನ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು.

“ಅಕ್ಕ,” ಅಂದೆ. “ನಮ್ಮ ಅಕ್ಕ. ಚೋಂದವ್ವ.”

ಹೆಸರು ಬಾಯಿಂದ ಹೊರಗೆ ಬಂದ ಮೇಲೆ ಅಲ್ಲೇ ಮರಳಿನ ಮೇಲೆ ಕೂತುಬಿಟ್ಟೆ. ಅಳು ಬಂತು. ಸೈನ್ಯದಲ್ಲಿದ್ದವನು, ಮೊಮ್ಮಗುವಿದ್ದವನು, ಬಾಯಿ ಬಿಟ್ಟು ಅತ್ತೆ. ಹಸನಬ್ಬ ಪಕ್ಕದಲ್ಲಿ ಕೂತು ನನ್ನ ಬೆನ್ನ ಮೇಲೆ ಕೈಯಿಟ್ಟ. “ಇನ್ನಾ ಲಿಲ್ಲಾಹಿ,” ಅಂತ ಶುರುಮಾಡಿ ತನ್ನ ಮಾತಿನಲ್ಲಿ ಏನೋ ಹೇಳಿಕೊಂಡ. ಆಮೇಲೆ, “ಚೋಂದವ್ವ,” ಅಂತ ಹೆಸರನ್ನು ಒಂದು ಸಲ ಸರಿಯಾಗಿ ಹೇಳಿ ನೋಡಿದ. ಅಕ್ಕನಿಗೆ ಎಷ್ಟು ಮಕ್ಕಳು, ಎಂತ ಆಗಿತ್ತು ಅಂತ ಕೇಳಿದ. ನಾನು ಹೇಳಿದೆ. ಭುಜದ ಕತೆಯನ್ನೂ ಹೇಳಿದೆ. ಕತ್ತಲಾಗುತ್ತ ಬಂತು. ಬಾವುಟ ಇಳಿಸುವುದು ಇಬ್ಬರಿಗೂ ಮರೆತುಹೋಯಿತು.